ಲಂಕಾವಿಗೆ ಹೋದರೆ ಕಲ್ಲು ನೋಡಿ ಬನ್ನಿ

ನಾನು ಗಂಗಾವತಿಯಲ್ಲಿ ಭೂಗೋಳ ಕಲಿಸುತ್ತೇನೆ. ಮಲೇಷ್ಯಾ ಪ್ರವಾಸಕ್ಕೆ ಹೊರಟವರು ಲಂಕಾವಿಯಲ್ಲಿ ಏನೇನು ನೋಡಬೇಕೆಂದು ಕೇಳಿದರೆ, ಮೊದಲು ಕಲ್ಲು ನೋಡಿ ಎನ್ನುತ್ತೇನೆ. ಕೆದಾ ರಾಜ್ಯದ ಈ ದ್ವೀಪಸಮೂಹಕ್ಕೆ 2007ರಲ್ಲಿ ಜಾಗತಿಕ ಜಿಯೋಪಾರ್ಕ್, ಅಂದರೆ ಕಲ್ಲು-ನೆಲದ ಚರಿತ್ರೆಯನ್ನು ಕಾಪಾಡಿ ತೋರಿಸುವ ತಾಣ ಎಂಬ ಮನ್ನಣೆ ಸಿಕ್ಕಿತು. ಆಗ್ನೇಯ ಏಷ್ಯಾದಲ್ಲಿ ಅದೇ ಮೊದಲನೆಯದು.

ಹೊರಡುವ ಮುನ್ನ ಒಂದು ಬೆಳಗ್ಗೆ ನಮ್ಮೂರ ಹತ್ತಿರದ ಆನೆಗೊಂದಿಗೆ ಹೋಗಿ ಅಲ್ಲಿನ ಬಂಡೆಗಳ ಮೇಲೆ ಕೈಯಾಡಿಸಿ. ನಸುಗೆಂಪು ಹರಳು, ನಡುವೆ ಕಪ್ಪು ಚುಕ್ಕೆ, ಬಿಸಿಲು ಮಳೆಗೆ ಪದರಪದರವಾಗಿ ಎದ್ದ ಅಂಚು. ಆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಈ ಲೆಕ್ಕ ತಲೆಯಲ್ಲಿದ್ದರೆ ಲಂಕಾವಿಯ ಕಲ್ಲುಗಳ ವಯಸ್ಸು ಬರೀ ಅಂಕಿಯಾಗಿ ಉಳಿಯುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಮಳೆ ಕಡಿಮೆ. ಕ್ವಾಲಾಲಂಪುರದಿಂದ ವಿಮಾನವಿದೆ, ಕ್ವಾಲಾ ಪೆರ್ಲಿಸ್‌ನಿಂದ ದೋಣಿಯಿದೆ.

ಹಳೆಯದರಿಂದ ಹೊಸದಕ್ಕೆ ಬನ್ನಿ. ಮೊದಲು ಮಚಿಂಚಾಂಗ್ ಬೆಟ್ಟ. ಅಲ್ಲಿರುವುದು 50 ಕೋಟಿ ವರ್ಷಕ್ಕೂ ಹಿಂದಿನ ಮರಳುಗಲ್ಲು. ಬಾದಾಮಿಯ ಬಂಡೆಗಳಲ್ಲಿ ಪದರ ಗುರುತಿಸಿದವರಿಗೆ ಇಲ್ಲಿಯೂ ಕಣ್ಣು ತಾನಾಗಿ ಹೊಂದಿಕೊಳ್ಳುತ್ತದೆ. ಕೇಬಲ್ ಕಾರ್ ಇದೆ. ಮೋಡ ಕವಿಯುವ ಮೊದಲೇ, ಬೆಳಗ್ಗೆ ಹತ್ತಿ.

ಮುಂದಿನದು ಕಿಲಿಮ್, ಅಲ್ಲಿ ಮಾತ್ರ ಅವಸರ ಮಾಡಬೇಡಿ. ಸುಣ್ಣಕಲ್ಲಿನ ಕಡಿದಾದ ಗುಡ್ಡಗಳು, ಅವುಗಳ ಬುಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನಡುವೆ ಉಪ್ಪುನೀರಿನ ಕಾಲುವೆ. ದೋಣಿಯನ್ನು ಹೋಟೆಲಿನವರ ಮೂಲಕ ಗೊತ್ತುಮಾಡುವ ಬದಲು ನೇರವಾಗಿ ಕಿಲಿಮ್ ಜೆಟ್ಟಿಗೇ ಹೋಗಿ, ಅಲ್ಲಿ ಊರಿನವರದೇ ಸಹಕಾರ ಸಂಘವಿದೆ. ಕಾಡು ಉಳಿದರೆ ತಮ್ಮ ಮನೆಯ ಒಲೆ ಉರಿಯುತ್ತದೆ ಎಂದು ತಿಳಿದವರ ಕೈಗೆ ನಿಮ್ಮ ಹಣ ಸೇರಬೇಕು. ಹತ್ತುವ ಮೊದಲೇ ಎರಡು ಮಾತು ಹೇಳಿಬಿಡಿ: ದೋಣಿ ನಿಧಾನ ಹೋಗಲಿ, ಗರುಡಗಳಿಗೆ ಕೋಳಿಯ ಚರ್ಮ ಎಸೆಯುವುದು ಬೇಡ. ವೇಗದ ದೋಣಿಯ ಅಲೆ ದಡದ ಕೆಸರನ್ನು ಕೊರೆದು ಮರಗಳ ಬೇರು ಸಡಿಲಿಸುತ್ತದೆ. ಎಸೆದದ್ದನ್ನು ತಿಂದು ಅಭ್ಯಾಸವಾದ ಹಕ್ಕಿ ಬೇಟೆ ಮರೆಯುತ್ತದೆ.

ಅಲ್ಲಿನ ಬಾವಲಿ ಗುಹೆಯಲ್ಲಿ ತಲೆ ತಗ್ಗಿಸಿ ನಡೆಯಬೇಕು. ಟಾರ್ಚನ್ನು ಬಾವಲಿಗಳತ್ತ ಹಿಡಿಯದೆ ಗೋಡೆಯತ್ತ ತಿರುಗಿಸಿ. ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳು ಕಾಣುತ್ತವೆ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ಆ ಎತ್ತರದಲ್ಲಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಒಂದು ನಿಮಿಷವಾದರೂ ಅಲ್ಲಿ ನಿಲ್ಲಿ. ಇಡೀ ದ್ವೀಪದಲ್ಲಿ ನಾನು ಮಕ್ಕಳಿಗೆ ತೋರಿಸಬೇಕೆಂದು ಹಂಬಲಿಸುವ ಜಾಗ ಅದು.

881 ಮೀಟರ್ ಎತ್ತರದ ಗುನುಂಗ್ ರಾಯಾ ಗ್ರಾನೈಟ್ ಬೆಟ್ಟ. ವಯಸ್ಸಿನಲ್ಲಿ ನಮ್ಮ ಗ್ರಾನೈಟಿನ ಹತ್ತನೆಯ ಒಂದು ಪಾಲೂ ಇಲ್ಲ. ಆದರೆ ಕರಗಿದ ಆ ಶಿಲೆ ಮೇಲೇರಿದಾಗ ತಗುಲಿದ ಶಾಖದಿಂದಲೇ ಡಾಯಾಂಗ್ ಬುಂಟಿಂಗ್ ದ್ವೀಪದ ಸುಣ್ಣಕಲ್ಲು ಅಮೃತಶಿಲೆಯಾಯಿತು. ಗುಹೆಯ ಚಾವಣಿ ಕುಸಿದು ಅಲ್ಲೊಂದು ಸಿಹಿನೀರಿನ ಕೆರೆಯಾಗಿದೆ. ಈಜು ಬಂದರೂ ಲೈಫ್ ಜಾಕೆಟ್ ತೊಟ್ಟೇ ಇಳಿಯಿರಿ. ಜೆಟ್ಟಿಯಿಂದ ಕೆರೆಯವರೆಗಿನ ದಾರಿಯಲ್ಲಿ ಕೋತಿಗಳು ಪ್ಲಾಸ್ಟಿಕ್ ಚೀಲ ಕಂಡರೆ ಕಸಿಯುತ್ತವೆ, ತಿಂಡಿಯನ್ನು ಬೆನ್ನಚೀಲದೊಳಗೇ ಇಡಿ.