ಒಂದು ಹಾಳೆ, ಒಂದು ಪೆನ್ಸಿಲ್: ಸಿಆರ್‌ಪಿ ಏರುವುದು ಹೇಗೆ, ನೀವೇ ಬಿಡಿಸಿ ನೋಡಿ

ನಾಲ್ಕು ದಿನವಾದರೂ ಜ್ವರ ಬಿಡದಿದ್ದರೆ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ರಿಪೋರ್ಟಿನಲ್ಲಿ ಸಿಆರ್‌ಪಿ ಅಂತ ಒಂದು ಸಾಲು, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ಸೋಂಕು ಅಥವಾ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಅಂಕಿ ಜಾಸ್ತಿ ಇದ್ದರೆ ಮನೆಯವರಿಗೆಲ್ಲ ಗಾಬರಿ. ಆದರೆ ಸೋಂಕು ಶ್ವಾಸಕೋಶದಲ್ಲಿರಲಿ, ಕಾಲಿನ ಗಾಯದಲ್ಲಿರಲಿ, ರಕ್ತದಲ್ಲಿ ಏರುವ ಈ ಸಿಆರ್‌ಪಿಯನ್ನು ತಯಾರಿಸುವುದು ಮುಖ್ಯವಾಗಿ ಲಿವರ್. ಕಾಲಿನ ಸುದ್ದಿ ಲಿವರ್‌ಗೆ ಮುಟ್ಟಿದ್ದು ಹೇಗೆ? ಓದಿ ಬಿಟ್ಟರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಹಾಳೆ, ಪೆನ್ಸಿಲ್ ತಗೊಂಡು ಕೂತುಕೊಳ್ಳಿ.

ಮೊದಲು ಹಾಳೆಯ ನಡುವೆ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಇದು ಲಿವರ್‌ನ ಒಂದು ಜೀವಕೋಶದ ಪೊರೆ. ಗೆರೆಯ ಮೇಲೆ ರಕ್ತ, ಕೆಳಗೆ ಕೋಶದ ಒಳಭಾಗ. ಕೆಳಗಡೆ ದೊಡ್ಡದಾಗಿ ಒಂದು ವೃತ್ತ ಹಾಕಿ, ಅದು ನ್ಯೂಕ್ಲಿಯಸ್. ಜೀನ್‌ಗಳು ಇರುವುದು ಅಲ್ಲಿ.

ಎರಡನೇ ಹೆಜ್ಜೆ ಸ್ವಲ್ಪ ನಿಧಾನಕ್ಕೆ ಮಾಡಿ, ಇಡೀ ಕತೆ ಇರುವುದೇ ಇಲ್ಲಿ. ಗೆರೆಯನ್ನು ತೂರಿ ನಿಂತ ಎರಡು ಥರದ ಗೂಟ ಬರೆಯಿರಿ. ಒಂದರ ತಲೆ ಮೇಲೆ ಚೆನ್ನಾಗಿ ಚಾಚಿರಲಿ, ಬಾಲ ಮಾತ್ರ ಮೋಟು. ಇದು ಐಎಲ್-6 ರಿಸೆಪ್ಟರ್, ಅಂದರೆ ಐಎಲ್-6 ಅನ್ನುವ ಸುದ್ದಿಗಾರ ಪ್ರೋಟೀನನ್ನು ಹಿಡಿಯುವ ಗೂಟ. ಇನ್ನೊಂದಕ್ಕೆ ತಲೆಯೂ ದೊಡ್ಡದು, ಒಳಗಿನ ಬಾಲವೂ ಉದ್ದ. ಇದರ ಹೆಸರು ಜಿಪಿ130, ಅದರ ತೂಕ ಸುಮಾರು 130 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ಆದ್ದರಿಂದ ಆ ಹೆಸರು. ಉದ್ದ ಬಾಲಕ್ಕೆ ಅಂಟಿಕೊಂಡ ಹಾಗೆ ಒಂದು ಚುಕ್ಕಿ ಇಡಿ. ಅದು ಜ್ಯಾಕ್ ಅನ್ನುವ ಕಿಣ್ವ, ಸುದ್ದಿ ಬರುವ ತನಕ ಸುಮ್ನೆ ಇರುತ್ತದೆ. ಎರಡೂ ಗೂಟಗಳನ್ನು ಎರಡೆರಡು ಬರೆದಿಡಿ, ಮುಂದೆ ಬೇಕಾಗುತ್ತದೆ.

ಈಗ ಸುದ್ದಿ ಬರಲಿ. ಸೋಂಕಿನ ಜಾಗದಲ್ಲಿ ರೋಗಾಣುವನ್ನು ಕಂಡ ಬಿಳಿರಕ್ತಕಣಗಳು ಇಂಟರ್‌ಲ್ಯೂಕಿನ್-6, ಅಂದರೆ ಐಎಲ್-6 ಅನ್ನುವ ಸಣ್ಣ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ನಾಲ್ಕು ಸುರುಳಿಗಳನ್ನು ಒತ್ತಾಗಿ ಸೇರಿಸಿ ಕಟ್ಟಿದ ಪುಟ್ಟ ಕಟ್ಟಿನ ಹಾಗೆ ಅದರ ರೂಪ. ಅದರ ಮೈಮೇಲೆ ಅಂಟಿಕೊಳ್ಳುವ ಜಾಗ ಮೂರು ಇವೆ. ಒಂದು ಸಣ್ಣ ತ್ರಿಕೋನ ಬರೆದು ಮೂರು ಬದಿಗೂ ಗುರುತು ಹಾಕಿ.

ಶಾಲೆಯಲ್ಲಿ ಹೇಳಿಕೊಟ್ಟ ಬೀಗ ಮತ್ತು ಕೀಲಿಯ ಹೋಲಿಕೆ ಇಲ್ಲಿ ಸಾಲುವುದಿಲ್ಲ ಅಂತ ನನ್ನ ಅನಿಸಿಕೆ. ತ್ರಿಕೋನದ ಮೊದಲ ಬದಿ ಮೋಟು ಬಾಲದ ರಿಸೆಪ್ಟರಿಗೆ ಕೂತುಕೊಳ್ಳುತ್ತದೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಹೊಂದಿ, ಇಲ್ಲಿನ ಧನ ವಿದ್ಯುದಂಶ ಅಲ್ಲಿನ ಋಣಕ್ಕೆ ಎದುರಾಗಿ. ಗುರುತು ಹಿಡಿಯುವುದು ಅಂದರೆ ಇಷ್ಟೇ. ಆದರೆ ಒಳಗೆ ಸುದ್ದಿ ಹೋಗಲಿಲ್ಲ, ಆ ಬಾಲಕ್ಕೆ ಆ ಶಕ್ತಿ ಇಲ್ಲ. ಜಿಪಿ130ಕ್ಕೆ ಶಕ್ತಿ ಇದೆ, ಆದರೆ ಒಂಟಿ ಐಎಲ್-6 ಅನ್ನು ಅದು ಹಿಡಿಯಲಾರದು. ಹಿಡಿದವನಿಗೆ ಬಾಯಿಲ್ಲ, ಬಾಯಿದ್ದವನಿಗೆ ಕೈಯಿಲ್ಲ. ಐಎಲ್-6 ಮತ್ತು ರಿಸೆಪ್ಟರ್ ಜೋಡಿಯಾದ ಮೇಲೆಯೇ ಜಿಪಿ130 ಬಂದು ಎರಡನೇ ಬದಿಗೆ ಸೇರುತ್ತದೆ. ಪಕ್ಕದಲ್ಲೂ ಇಂಥದ್ದೇ ಇನ್ನೊಂದು ಗುಂಪು. ಮೂರನೇ ಬದಿ ಈ ಎರಡು ಗುಂಪನ್ನೂ ಎದುರುಬದುರು ಕಟ್ಟಿಹಾಕುತ್ತದೆ. ಎಣಿಸಿ ನೋಡಿ: ಎರಡು ಐಎಲ್-6, ಎರಡು ರಿಸೆಪ್ಟರ್, ಎರಡು ಜಿಪಿ130, ಒಟ್ಟು ಆರು. ಈ ಆರರ ಜೋಡಣೆ 2003ರಲ್ಲಿ, ಪ್ರೋಟೀನುಗಳನ್ನು ಹರಳುಗಟ್ಟಿಸಿ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತು.

ಗೆರೆಯ ಕೆಳಗೆ ಬನ್ನಿ. ಎರಡು ಉದ್ದ ಬಾಲಗಳು ಹತ್ತಿರವಾದವು, ಅಲ್ವಾ? ಅವುಗಳ ಮೇಲಿನ ಜ್ಯಾಕ್‌ಗಳು ಒಂದಕ್ಕೊಂದು ಫಾಸ್ಫೇಟ್ ಅನ್ನುವ ಸಣ್ಣ ರಾಸಾಯನಿಕ ಗುರುತು ಅಂಟಿಸಿ ಎಚ್ಚರವಾಗುತ್ತವೆ, ಆಮೇಲೆ ಬಾಲಕ್ಕೂ ಅಂಟಿಸುತ್ತವೆ. ಆ ಗುರುತು ನೋಡಿ ಸ್ಟ್ಯಾಟ್3 ಅನ್ನುವ ಪ್ರೋಟೀನ್ ಬಂದು ಕೂರುತ್ತದೆ, ತಾನೂ ಒಂದು ಫಾಸ್ಫೇಟ್ ಹಾಕಿಸಿಕೊಂಡು, ಇನ್ನೊಂದು ಸ್ಟ್ಯಾಟ್3 ಜೊತೆ ಜೋಡಿಯಾಗಿ, ನೇರ ನ್ಯೂಕ್ಲಿಯಸ್‌ಗೆ ಹೋಗಿ ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಸಿಆರ್‌ಪಿಯ ಜೀನ್ ಅವುಗಳಲ್ಲೊಂದು. ಕೆಲವೇ ಗಂಟೆಗಳಲ್ಲಿ ಅದು ರಕ್ತದಲ್ಲಿ ಏರತೊಡಗಿ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಜ್ವರ ಬಂದ ಮೊದಲ ಗಂಟೆಯಲ್ಲೇ ಪರೀಕ್ಷೆ ಮಾಡಿಸಿದರೆ ಅಂಕಿ ಕಡಿಮೆ ಬರಬಹುದು, ಕಾರಣ ಇದೇ.

ನಿಲ್ಲಿಸುವ ದಾರಿಯನ್ನೂ ಬರೆಯಿರಿ. ಸ್ಟ್ಯಾಟ್3 ಚಾಲೂ ಮಾಡುವ ಜೀನ್‌ಗಳಲ್ಲಿ ಸಾಕ್ಸ್3 ಕೂಡ ಒಂದು. ಆ ಪ್ರೋಟೀನ್ ವಾಪಸ್ ಬಂದು ಜ್ಯಾಕ್‌ಗಳನ್ನು ತಡೆಯುತ್ತದೆ. ನ್ಯೂಕ್ಲಿಯಸ್‌ನಿಂದ ಚುಕ್ಕಿಗೆ ಒಂದು ಬಾಣ ಹಾಕಿದರೆ ಆಯಿತು.

ಈಗ ಹಾಳೆ ತಿರುವಿ, ಬೇರೊಂದು ಕೋಶದ ಗೆರೆ ಎಳೆಯಿರಿ. ಇದರಲ್ಲಿ ಜಿಪಿ130 ಮಾತ್ರ ಇದೆ, ದೇಹದ ಬಹುಪಾಲು ಕೋಶಗಳು ಹೀಗೇ. ಐಎಲ್-6 ರಿಸೆಪ್ಟರ್ ಇರುವುದು ಲಿವರ್ ಕೋಶ, ಕೆಲವು ಬಿಳಿರಕ್ತಕಣ ಹೀಗೆ ಸ್ವಲ್ಪ ಕಡೆ ಮಾತ್ರ. ಹಾಗಾದರೆ ಉಳಿದ ಕೋಶಗಳಿಗೆ ಐಎಲ್-6ನ ಸುದ್ದಿ ಮುಟ್ಟುವುದೇ ಇಲ್ಲವೇ? ಮುಟ್ಟುತ್ತದೆ. ಉರಿಯೂತದಲ್ಲಿ ಕೆಲವು ಕೋಶಗಳ ಮೇಲಿನ ರಿಸೆಪ್ಟರಿನ ತಲೆ ಕತ್ತರಿಸಿ ಬೀಳುತ್ತದೆ, ರಕ್ತದಲ್ಲಿ ತೇಲುತ್ತಾ ಐಎಲ್-6 ಅನ್ನು ಹಿಡಿದುಕೊಳ್ಳುತ್ತದೆ, ಆ ಜೋಡಿ ಎಲ್ಲಿ ಜಿಪಿ130 ಸಿಕ್ಕರೂ ಅಂಟಿಕೊಂಡು ಒಳಗೆ ಸುದ್ದಿ ಕಳಿಸುತ್ತದೆ. ನನಗೆ ಈ ವಿಷಯದಲ್ಲಿ ಅತಿ ಅಚ್ಚರಿ ಹುಟ್ಟಿಸಿದ್ದು ಇದು. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳು ಹಾಳಾಗುವುದರಲ್ಲಿ ಈ ದಾರಿಯ ಪಾಲು ದೊಡ್ಡದು.

ಕೊನೆಗೆ ಔಷಧಿ. 1986ರಲ್ಲಿ ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ, ತೊಶಿಯೊ ಹಿರಾನೊ ಮತ್ತು ಜೊತೆಗಾರರು ಐಎಲ್-6ನ ಜೀನ್ ಬೇರ್ಪಡಿಸಿದರು. ಎರಡು ವರ್ಷಕ್ಕೆ ರಿಸೆಪ್ಟರಿನ ಜೀನೂ ಸಿಕ್ಕಿತು. ಅದೇ ದಾರಿಯಲ್ಲಿ ಬಂದದ್ದು ಟೊಸಿಲಿಜುಮ್ಯಾಬ್. ಅದು ಐಎಲ್-6 ಅನ್ನು ಮುಟ್ಟುವುದಿಲ್ಲ, ರಿಸೆಪ್ಟರಿನ ತಲೆಯ ಮೇಲೆ ತಾನೇ ಹೋಗಿ ಕೂರುತ್ತದೆ. ತೇಲುವ ತಲೆಗಳನ್ನೂ ಬಿಡುವುದಿಲ್ಲ. ಜಪಾನಿನಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು, ಅಮೆರಿಕದಲ್ಲಿ ಸಂಧಿವಾತಕ್ಕೆ 2010ರಲ್ಲಿ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರಿಗೆ ಕಾರ್-ಟಿ ಚಿಕಿತ್ಸೆ (ರೋಗಿಯದೇ ಬಿಳಿರಕ್ತಕಣಗಳನ್ನು ಮಾರ್ಪಡಿಸಿ ಕ್ಯಾನ್ಸರ್ ಮೇಲೆ ಬಿಡುವುದು) ಪಡೆದ ಒಬ್ಬ ಪುಟ್ಟ ಹುಡುಗಿ ಐಎಲ್-6 ಉಕ್ಕಿ ಸಾವಿನ ಅಂಚಿಗೆ ಹೋದಾಗ ಉಳಿಸಿದ್ದೂ ಇದೇ ಔಷಧಿ. ಕೋವಿಡ್ ಸಮಯದಲ್ಲಿ ಇದರ ಹೆಸರು ನಮ್ಮಲ್ಲೂ ಮನೆಮನೆಗೆ ಗೊತ್ತಾಯಿತು.

ನಿಮ್ಮ ಚಿತ್ರದಲ್ಲಿ ಎಲ್ಲ ರಿಸೆಪ್ಟರ್ ತಲೆಗಳ ಮೇಲೂ ಒಂದೊಂದು ಅಡ್ಡಗೆರೆ ಹಾಕಿ ನೋಡಿ. ಲಿವರ್‌ಗೆ ಸುದ್ದಿ ಹೋಗುವ ದಾರಿಯೂ ಮುಚ್ಚಿತು. ಹಾಗಾಗಿ ಮನೆಯಲ್ಲಿ ಯಾರಾದರೂ ಸಂಧಿವಾತಕ್ಕೆ ಈ ಇಂಜೆಕ್ಷನ್ ತಗೊಳ್ಳುತ್ತಿದ್ದು, ಅವರಿಗೆ ಜ್ವರ ಅಥವಾ ಕೆಮ್ಮು ಬಂದರೆ, ಬೇರೆ ಡಾಕ್ಟರ ಹತ್ತಿರ ಹೋದಾಗ ಮೊದಲು ಇಂಜೆಕ್ಷನ್ ವಿಷಯ ಹೇಳಿ. ಸೋಂಕು ಒಳಗೆ ಇದ್ದರೂ ಸಿಆರ್‌ಪಿ ಏರದೇ ಇರಬಹುದು.