ಸ್ಲೋ ಜಿನ್‌ಗೆ ಸಕ್ಕರೆ ಆಮೇಲೆ ಹಾಕಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹುಡುಗ ಹುಡುಗಿಯರು ಸ್ಲೋ ಜಿನ್ (ಸ್ಲೋ ಎಂಬ ಕಾಡುಹಣ್ಣನ್ನು ಜಿನ್ ಮದ್ಯದಲ್ಲಿ ನೆನೆಸಿ ಮಾಡುವ ಸಿಹಿ ಪಾನೀಯ) ಮಾಡೋದು ಹೇಗೆ ಅಂತ ಕೇಳಿದಾಗೆಲ್ಲ ನಾನು ಮೊದಲು ಸಕ್ಕರೆ ವಿಷಯ ಹೇಳುತ್ತೇನೆ. ಎಲ್ಲಾ ಸಕ್ಕರೆ ಒಂದೇ ಸಲ ಸುರಿಯಬೇಡಿ. ಸಿಹಿ ಕಡಿಮೆಯಾದರೆ ಸೇರಿಸಬಹುದು, ಜಾಸ್ತಿಯಾದರೆ ತೆಗೆಯೋಕಾಗುತ್ತಾ?

ಸ್ಲೋ ಅಂದರೆ ಬ್ಲ್ಯಾಕ್‌ಥಾರ್ನ್ ಗಿಡದ ಹಣ್ಣು. ಹೊಲದ ಬೇಲಿಗಳಲ್ಲಿ ದಟ್ಟವಾಗಿ ಬೆಳೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಚಿಗುರುವ ಮೊದಲೇ ಬಿಳಿ ಹೂವು ಮೈತುಂಬ ಬಿಡುತ್ತದೆ. ಆಗಲೇ ಜಾಗ ನೋಡಿಟ್ಟುಕೊಂಡರೆ ಹಣ್ಣಿನ ಕಾಲದಲ್ಲಿ ಅಲೆಯುವುದು ತಪ್ಪುತ್ತದೆ. ಕೊಯ್ಯುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ. ಹಣ್ಣು ಗುಂಡಗಿನ ಪುಟ್ಟ ನೇರಳೆಯ ಹಾಗಿರುತ್ತದೆ. ಮೇಲೆ ಬೂದಿ ಸವರಿದಂಥ ಮಬ್ಬು. ಬೆರಳಲ್ಲಿ ಉಜ್ಜಿದರೆ ಕೆಳಗೆ ಕಪ್ಪು ನೀಲಿ ಸಿಪ್ಪೆ ಹೊಳೆಯುತ್ತದೆ. ಒಳಗೆ ಒಂದೇ ಬೀಜ, ಕೊಂಬೆಯಲ್ಲಿ ಉದ್ದುದ್ದ ಮುಳ್ಳು.

ಮುಳ್ಳಿಲ್ಲದ ಗಿಡದ ಕಪ್ಪು ಹಣ್ಣನ್ನು ಮುಟ್ಟಲೇಬೇಡಿ. ಅದೇ ಬೇಲಿಯಲ್ಲಿ ಪ್ರಿವೆಟ್ ಇರಬಹುದು, ಗೊಂಚಲು ಗೊಂಚಲಾಗಿ ಬಿಡುವ ಅದರ ಹಣ್ಣು ವಿಷ. ಡೆಡ್ಲಿ ನೈಟ್‌ಶೇಡ್ ಇನ್ನೂ ಅಪಾಯ. ಅದರ ಹಣ್ಣು ಮಿರಮಿರ ಹೊಳೆಯುತ್ತದೆ, ಬುಡದಲ್ಲಿ ನಕ್ಷತ್ರದ ಹಾಗೆ ಐದು ಹಸಿರು ಎಸಳು. ಸ್ವಲ್ಪ ಅನುಮಾನ ಬಂದರೂ ಬಿಟ್ಟುಬಿಡಿ. ಕೈಗೆ ದಪ್ಪ ಗ್ಲೌಸ್ ಇರಲಿ, ಬ್ಲ್ಯಾಕ್‌ಥಾರ್ನ್ ಮುಳ್ಳು ಚುಚ್ಚಿ ಒಳಗೆ ಮುರಿದರೆ ಗಾಯ ಬಾತು ಕೀವಾಗಬಹುದು. ಕಾಡುಹಣ್ಣನ್ನು ಮಾರಾಟಕ್ಕಲ್ಲದೆ ಮನೆಗೆ ಅಂತ ಕಿತ್ತರೆ ಅದು ಕಳ್ಳತನ ಅಲ್ಲ ಅಂತ 1968ರ ಅಲ್ಲಿನ ಕಾಯ್ದೆ ಹೇಳುತ್ತದೆ. ಹಾಗಂತ ಯಾರದೋ ಜಮೀನಿಗೆ ಕೇಳದೆ ನುಗ್ಗಬೇಡಿ. ಗಿಡ ಪೂರ್ತಿ ಬರಿದು ಮಾಡಲೂ ಬೇಡಿ, ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳಿಗೆ ಬೇಲಿ ಹಣ್ಣೇ ಊಟ.

ಇಬ್ಬನಿ ಹೆಪ್ಪುಗಟ್ಟುವ ಮೊದಲ ಚಳಿ ಬಿದ್ದ ಮೇಲೆಯೇ ಕೀಳಬೇಕು ಅಂತ ಅಲ್ಲಿನ ಹಿರಿಯರು ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಚಳಿಗೆ ಹಣ್ಣಿನ ಸಿಪ್ಪೆ ಬಿರಿದು ರಸ ಬಿಡುವುದು ಸುಲಭವಾಗುತ್ತದೆ. ಆದರೆ ಅಷ್ಟು ಕಾಯುವಷ್ಟರಲ್ಲಿ ಹಕ್ಕಿಗಳು ಮುಗಿಸಿರುತ್ತವೆ. ಹಿಚುಕಿದರೆ ಮೆತ್ತಗಿದ್ದರೆ ಸಾಕು, ಕೊಯ್ದು ತಂದು ತೊಳೆದು, ಬಟ್ಟೆ ಮೇಲೆ ಆರಿಸಿ, ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಒಂದೊಂದನ್ನೂ ಸೂಜಿಯಲ್ಲಿ ಚುಚ್ಚುವ ಕೆಲಸವೇ ಇರುವುದಿಲ್ಲ. ಮಿಕ್ಸಿಗಂತೂ ಹಾಕಬೇಡಿ, ಬೀಜ ಒಡೆಯಬಾರದು.

ಚೆನ್ನಾಗಿ ಒಣಗಿದ ಎರಡು ಲೀಟರಿನ ಗಾಜಿನ ಭರಣಿಗೆ 450 ಗ್ರಾಂ ಹಣ್ಣು, 100 ಗ್ರಾಂ ಸಕ್ಕರೆ, 70 ಸೆಂಟಿಲೀಟರಿನ ಒಂದು ಬಾಟಲಿ ಜಿನ್. ದುಬಾರಿ ಜಿನ್ ಬೇಡ, ಸಾಧಾರಣದ್ದು ಸಾಕು. ಹಣ್ಣೆಲ್ಲ ಮುಳುಗಿರಬೇಕು. ಬಿಗಿಯಾಗಿ ಮುಚ್ಚಿ, ಕತ್ತಲೆ ಕಪಾಟಿನಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ಮೊದಲ ವಾರ ದಿನಕ್ಕೊಂದು ಸಲ ಅಲ್ಲಾಡಿಸಿ, ಆಮೇಲೆ ವಾರಕ್ಕೊಂದು ಸಲ. ಬಣ್ಣ ಮೊದಲು ತೆಳು ಗುಲಾಬಿ, ಬರಬರುತ್ತಾ ಗಾಢ ಕೆಂಪು.

ಮೂರು ತಿಂಗಳಾದ ಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಹಿಂಡಿದರೆ ಗಸಿ ಇಳಿದು ಕದಡುತ್ತದೆ. ತಾನಾಗಿ ತೊಟ್ಟಿಕ್ಕಲಿ. ಈಗ ಒಂದು ಚಮಚ ರುಚಿ ನೋಡಿ. ಒಗರು ನಾಲಿಗೆ ಹಿಡಿಯುತ್ತಾ? ಬೀಜದಿಂದ ಬಂದ ಬಾದಾಮಿ ಘಮ ಸಿಗುತ್ತಾ? ಅದನ್ನು ನೋಡಿ ಸಿಹಿ ಸೇರಿಸಿ. ಹರಳು ಸಕ್ಕರೆ ಜಿನ್‌ನಲ್ಲಿ ಬೇಗ ಕರಗುವುದಿಲ್ಲ. ಸಕ್ಕರೆಗೆ ಸಮ ನೀರು ಹಾಕಿ ಕುದಿಸಿದ ಪಾಕವನ್ನು ಪೂರ್ತಿ ಆರಿಸಿ, ಚಮಚ ಚಮಚವಾಗಿ ಹಾಕುತ್ತಾ ರುಚಿ ನೋಡಿ. ಬಹಳ ಜನ ಶುರುವಿಗೇ 225 ಗ್ರಾಂ ಹಾಕಿಬಿಡುತ್ತಾರೆ. ನನಗೆ ಅದು ಹಣ್ಣಿಗೆ ಮಾಡುವ ಅನ್ಯಾಯ ಅನ್ನಿಸುತ್ತದೆ. ಒಂದೊಂದು ಗಿಡದ ಹಣ್ಣು, ಒಂದೊಂದು ವರ್ಷದ ಬಿಸಿಲು ಬೇರೆ ಬೇರೆ, ಅಳತೆ ಮಾತ್ರ ಒಂದೇ ಹೇಗಾಗುತ್ತದೆ?

ಸೆಪ್ಟೆಂಬರ್ ಕೊನೆಗೆ ಹಾಕಿದ್ದು ಕ್ರಿಸ್‌ಮಸ್‌ಗೆ ಕುಡಿಯುವ ಹಾಗಿರುತ್ತದೆ ನಿಜ. ಒಂದು ಬಾಟಲಿಯಾದರೂ ಮುಂದಿನ ವರ್ಷಕ್ಕೆ ಎತ್ತಿಡಿ, ಅದರ ಹದವೇ ಬೇರೆ. ಸಿಹಿಯಿದೆ ಅಂತ ಲೋಟಗಟ್ಟಲೆ ಬಗ್ಗಿಸಬೇಡಿ, ಇದು ಗಟ್ಟಿ ಮದ್ಯವೇ. ಪುಟ್ಟ ಗ್ಲಾಸ್ ಸಾಕು.

ಸೋಸಿ ಉಳಿದ ಹಣ್ಣನ್ನು ಎಸೆಯಬೇಡಿ. ಬೀಜ ತೆಗೆದು, ಕರಗಿಸಿದ ಡಾರ್ಕ್ ಚಾಕೊಲೇಟಿಗೆ ಬೆರೆಸಿ ತಟ್ಟೆಯಲ್ಲಿ ಹರಡಿ, ಗಟ್ಟಿಯಾದ ಮೇಲೆ ತುಂಡು ಮಾಡಿ. ಡಬ್ಬಿ ಮೇಲೆ ಚೀಟಿ ಅಂಟಿಸಿಡಿ, ಅದರಲ್ಲೂ ಜಿನ್ ಇದೆ, ಮಕ್ಕಳು ತಿನ್ನಬಾರದು.