ರೇಟು ಬರುವ ಹೊತ್ತಿಗೆ ಸರ್ವರ್ ಬೀಳದಂತೆ ಮಾಡಿದ್ದು: ನನ್ನ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಬೆಳೆಗಾರರು ಅಡಿಕೆ ರೇಟು ನೋಡುವ ಒಂದು ಆ್ಯಪ್‌ನ ಸರ್ವರ್ ನನ್ನ ಕೈಯಲ್ಲಿದೆ. ಬೆಳಿಗ್ಗೆ ಸೆಕೆಂಡಿಗೆ ನಲವತ್ತೋ ಐವತ್ತೋ ರಿಕ್ವೆಸ್ಟ್. ಟೆಂಡರ್ ಮುಗಿದು ಚಾಲಿ, ರಾಶಿ, ಬೆಟ್ಟೆ ರೇಟು ಬಂತು ಅಂದರೆ ಎರಡು ನಿಮಿಷದೊಳಗೆ ಒಂಬೈನೂರರ ಹತ್ತಿರ. ಇದಕ್ಕೆ ಪಿಐ ಕಂಟ್ರೋಲರ್ (ಗುರಿಗೂ ಅಳತೆಗೂ ಇರುವ ವ್ಯತ್ಯಾಸ ನೋಡಿ ಮಷೀನ್ ಏರಿಸಿ ಇಳಿಸುವ ಲೆಕ್ಕ) ಹಾಕುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ಒಪ್ಪಲಿಲ್ಲ. "ಅದೆಲ್ಲ ಬಾಯ್ಲರಿಗೆ ಮಾರಾಯ, ಸುಮ್ನೆ ನಾಲ್ಕು ಮಷೀನ್ ಜಾಸ್ತಿ ಇಡು" ಅಂದರು. ಈಗ ಎರಡು ಸೀಸನ್ ಕಳೆಯಿತು. ಒಮ್ಮೆಯೂ ಬಿದ್ದಿಲ್ಲ.

ಮೊದಲು ಸರ್ವರ್ ನಡೆಸುವ ಸಾಫ್ಟ್‌ವೇರ್ ಕುಬರ್ನೆಟಿಸ್‌ನ ಎಚ್‌ಪಿಎ ಇತ್ತು. ಆ್ಯಪ್‌ನ ಪ್ರತಿಗಳನ್ನು ಲೋಡ್ ನೋಡಿ ತಾನೇ ಏರಿಸಿ ಇಳಿಸುವುದು ಅದರ ಕೆಲಸ. ಸಿಪಿಯು ಬಳಕೆಯ ಗುರಿ ಶೇ. 60. ಕಾದಿರಿಸಿದ ಸಿಪಿಯು ಪಾಲು (ಇಲ್ಲಿ ಅದಕ್ಕೂ ರಿಕ್ವೆಸ್ಟ್ ಅಂತಲೇ ಹೆಸರು) ಮತ್ತು ಅದರ ಮೇಲ್ಮಿತಿ ಒಂದೇ ಇದ್ದರೆ ಬಳಕೆ ಶೇ. ನೂರರ ಮೇಲೆ ಹೋಗುವುದೇ ಇಲ್ಲ, ಅಲ್ವಾ? ಹಾಗಾಗಿ ಒಂದು ಸಲಕ್ಕೆ ಹೆಚ್ಚೆಂದರೆ 100/60, ಅಂದರೆ 1.67 ಪಟ್ಟು, ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ. ಎರಡಿದ್ದದ್ದು ನಾಲ್ಕು, ಆಮೇಲೆ ಏಳು, ಆಮೇಲೆ ಹನ್ನೆರಡು. ಅಷ್ಟರಲ್ಲಿ ಜನ ಬೈದುಕೊಂಡು ಫೋನ್ ಕೆಳಗಿಟ್ಟಿರುತ್ತಾರೆ. ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ತಾನೇ ಓಡುವ ಕೆಲಸ) ಹಾಕಿ ಹೊತ್ತಿಗೆ ಮುಂಚೆ ಏರಿಸುವುದೂ ನಡೆಯಲಿಲ್ಲ. ಟೆಂಡರ್ ತಡವಾದರೆ ರೇಟೂ ತಡ, ಮಷೀನ್‌ಗಳು ಖಾಲಿ ಓಡುತ್ತವೆ.

ಸಿಪಿಯು ಬಿಟ್ಟು, ರಿಕ್ವೆಸ್ಟ್‌ಗಳು ಕ್ಯೂನಲ್ಲಿ ಕಾಯುವ ಸಮಯವನ್ನು ಅಳೆದು ಪಿಐಗೆ ಕೊಡತೊಡಗಿದೆ. ಅದಕ್ಕೆ ಮೇಲ್ಮಿತಿ ಇಲ್ಲ, ಎಷ್ಟು ಹಿಂದಿದ್ದೇವೆ ಅಂತ ಸರಿಯಾಗಿ ಹೇಳುತ್ತದೆ. ಆದರೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲೇ. ಹೊಸ ಮಷೀನ್ ಎದ್ದು ಆ್ಯಪ್ ಕೆಲಸಕ್ಕೆ ಸಿದ್ಧವಾಗಲು ಎರಡೂವರೆ ನಿಮಿಷ. ಕಂಟ್ರೋಲರ್ ಲೆಕ್ಕ ಹಾಕುವುದು 15 ಸೆಕೆಂಡಿಗೊಮ್ಮೆ. ಅಂದರೆ ಮೊದಲ ಮಷೀನ್ ಕೆಲಸಕ್ಕೆ ಇಳಿಯುವ ಮುಂಚೆ ಕಂಟ್ರೋಲರ್ ಹತ್ತು ಸಲ "ಇನ್ನೂ ಸಾಲದು" ಅನ್ನುತ್ತದೆ. ಇಂಟೆಗ್ರಲ್ (ಹಿಂದಿನ ವ್ಯತ್ಯಾಸಗಳನ್ನೆಲ್ಲ ಕೂಡಿಡುವ ಭಾಗ, ಪಿಐನ 'ಐ') ಉಬ್ಬುತ್ತಾ ಹೋಗಿ, ಹದಿನಾಲ್ಕು ಸಾಕಾಗುವಲ್ಲಿ ನಲವತ್ತು ತರಿಸಿತು. ಆ ತಿಂಗಳ ಬಿಲ್ಲು ಅರವತ್ತು ಸಾವಿರ ದಾಟಿತು. ಆಗ ಮಾಮೂಲಿ ನಲವತ್ತರ ಆಸುಪಾಸು.

ಗೇನ್ (ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಅನ್ನುವ ಅಂಕಿ) ಇಳಿಸಿದರೆ ಏರುವುದೇ ನಿಧಾನ. ಡಿ (ವ್ಯತ್ಯಾಸ ಎಷ್ಟು ಬೇಗ ಬದಲಾಗುತ್ತಿದೆ ಅಂತ ನೋಡುವ ಭಾಗ) ಸೇರಿಸಿದರೆ ಸಣ್ಣ ಏರಿಳಿತಕ್ಕೂ ಕುಣಿದಾಟ. ಡಿ ಕಿತ್ತು ಬಿಸಾಕಿದೆ, ಮತ್ತೆ ಮುಟ್ಟಿಲ್ಲ.

ದಾರಿ ಕೊಟ್ಟದ್ದು 1957ರ ಸ್ಮಿತ್ ಪ್ರೆಡಿಕ್ಟರ್, ಫಲ ತಡವಾಗಿ ಬರುವ ಕಡೆ ಬಳಸುವ ಉಪಾಯ. ಹೇಳಿಕಳಿಸಿದ್ದನ್ನು ಬಂದಿದೆ ಅಂತಲೇ ಲೆಕ್ಕ ಹಿಡಿಯುವುದು. ಬೂಟ್ ಆಗುತ್ತಿರುವ ಮಷೀನ್‌ಗಳು ಎಷ್ಟು ಭಾರ ಹೊರುತ್ತವೋ ಅಷ್ಟನ್ನು ಎರರ್‌ನಿಂದ, ಅಂದರೆ ಗುರಿಗೂ ಅಳತೆಗೂ ಇರುವ ವ್ಯತ್ಯಾಸದಿಂದ, ಮೊದಲೇ ಕಳೆಯುತ್ತೇನೆ. ಮಷೀನ್ ಸಂಖ್ಯೆ ಗರಿಷ್ಠ ಮುಟ್ಟಿದರೆ ಇಂಟೆಗ್ರಲ್ ಅಲ್ಲೇ ನಿಲ್ಲುತ್ತದೆ. ಏರಲು ಒಂದು ಗೇನ್, ಇಳಿಯಲು ಅದರ ಆರನೇ ಒಂದು ಭಾಗದಷ್ಟು. ಎರಡು ಮಷೀನ್ ಇರುವಾಗ ಒಂದು ಸೇರಿಸುವುದಕ್ಕೂ ಇಪ್ಪತ್ತಿರುವಾಗ ಸೇರಿಸುವುದಕ್ಕೂ ಬಹಳ ವ್ಯತ್ಯಾಸ. ಅದಕ್ಕೆ ಗೇನನ್ನು ಸಂಖ್ಯೆಗೆ ತಕ್ಕಂತೆ ಬದಲಿಸುವ ಲೆಕ್ಕ ಒಂದಿದೆ. ಅದು ನನ್ನ ಹತ್ತಿರವೇ ಇರಲಿ, ಬಹಳ ನಿದ್ದೆಗೆಟ್ಟು ಕಟ್ಟಿದ್ದು. ಈಗ ಬಿಲ್ಲು ಹದಿನೇಳು, ಹದಿನೆಂಟು ಸಾವಿರ.

ಇದೇ ಕೋಡನ್ನು ಮನೆಯ ಅಡಿಕೆ ಡ್ರೈಯರಿನ ಫ್ಯಾನಿಗೂ ಹಾಕಿ ನೋಡಿದೆ. ಅಲ್ಲೂ ಕಟ್ಟಿಗೆ ಹಾಕಿದ ಎಷ್ಟೋ ಹೊತ್ತಿನ ಮೇಲೆ ಟ್ರೇ ಬಿಸಿಯಾಗುವುದು. ಮೇಲಿನ ಟ್ರೇ ಸರಿಯಾಗಿ ಒಣಗಿತು, ಕೆಳಗಿನದಕ್ಕೆ ಬೇರೆ ಸೆನ್ಸರ್ ಬೇಕು. ಮಳೆಗಾಲ ಶುರುವಾಗುವ ಮುಂಚೆ ಕೂರಿಸಬೇಕು.

ಸ್ಪಾಟ್ ಮಷೀನ್ (ಅಗ್ಗಕ್ಕೆ ಸಿಗುವ, ಆದರೆ ಕ್ಲೌಡ್ ಕಂಪನಿ ಬೇಕಾದಾಗ ವಾಪಸ್ ಪಡೆಯುವ ಬಾಡಿಗೆ ಮಷೀನ್) ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ನಡುವೆ ಕಿತ್ತುಕೊಂಡರೆ, ಬಂದಿದೆ ಅಂತ ಹಿಡಿದ ಲೆಕ್ಕ ತಪ್ಪುತ್ತದೆ. ಈಗ ಮೂರನೇ ಒಂದು ಭಾಗ ಮಾತ್ರ ಸ್ಪಾಟ್ ಇಟ್ಟು ನೋಡುತ್ತಿದ್ದೇನೆ.